ಗಂಗಾಳದ ಮುಂದ: ಗಿರಮಿಟ್ಟು, ಗಿಣ್ಣ ಮತ್ತ ಚೀಸ್

ಹೋದ ಸಂಚಿಕಿಯೊಳಗ "ಹುಬ್ಬಳ್ಳಿ ದುರ್ಗದಬೈಲಿನ ಕಡೆ ಹೋದ್ರ ಚೀಸ್ ಮಿರ್ಚಿ ಒಮ್ಮೆ ತಿಂದು ನೋಡ್ರಿ" ಅಂತ ಒಂದ ಸಾಲು ಬರದಿದ್ದೆ. ಅದರ ಬೆನ್ನಿಗೆ ಬಂದ ಪತ್ರಗಳೊಳಗ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳ ನನ್ನ ಕಡೆ ಇಟಗೊಂಡೀನಿ. ಪ್ರಶ್ನೆ ಇಲ್ಲಿ ಅದಾವ.

ಅಕ್ಕಾರ, ಗಿರಮಿಟ್ಟಿನ ಮ್ಯಾಲೆ ಚೀಸ್ ಕಂಡ್ರ ನಮ್ಮ ಅಜ್ಜಾರು ಗಾಡಿ ಮುಂದನ ಜಗಳಾ ತಗೀತಾರ. ನನಗ ಚೀಸ್ ಇಲ್ಲದಿದ್ರ ಯಾವುದೂ ರುಚಿ ಹತ್ತೂದಿಲ್ಲ. ನೀವ ತೀರ್ಪು ಹೇಳ್ರಿ.
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಗಿರಮಿಟ್ಟಿನ ಮಟ್ಟಿಗೆ ಅಜ್ಜಾರು ಗೆದ್ದರು, ತಮ್ಮಾ. ಮಿರ್ಚಿ ಮಟ್ಟಿಗೆ ನೀ ಗೆದ್ದಿ. ಕಾರಣ ಹೇಳತೀನಿ, ಇಬ್ಬರೂ ಕೂಡಿ ಓದ್ರಿ.

ಗಿರಮಿಟ್ಟು ಕಲಸೂದನ್ನ ಎಂದಾದ್ರೂ ಹತ್ತರ ನಿಂತು ನೋಡಿಯೇನು? ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಎಣ್ಣಿಯೊಳಗ ಬಾಡಿಸಿ, ಅರಿಷಿಣ, ಹುಣಸಿಹುಳಿ, ಬೆಲ್ಲ ಹಾಕಿ ಕುದಿಸಿದ ಮಸಾಲಿ ಒಂದ ಕಡೆ. ಒಣಾ ಚುರಮುರಿ ಇನ್ನೊಂದ ಕಡೆ. ಗಿರಾಕಿ ಬಂದ ಮ್ಯಾಲನ ಎರಡೂ ಕೂಡಬೇಕು, ಅದಕ್ಕಿಂತ ಮೊದಲು ಕೂಡಿದ್ರ ಕೆಟ್ಟಂಗ. ಮ್ಯಾಲೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತಂಬ್ರಿ, ಸೇವು. ಪುಠಾಣಿ ಹಿಟ್ಟು ಅಲ್ಲಿ ಸುಮ್ಮ ಬಂದಿಲ್ಲ. ಹೆಚ್ಚಾದ ನೀರು ಹೀರಿಕೊಂಡು ಮಸಾಲಿನ್ನ ಚುರಮುರಿಗೆ ಹಿಡಿಸೂದು ಅದರ ಕೆಲಸ. ಅರ್ಧ ಮೆತ್ತಗ, ಅರ್ಧ ಗರಿಗರಿ ಇರೂ ಆ ನಾಕೈದು ಮಿನೀಟಿನೊಳಗ ತಿಂದು ಮುಗಿಸಬೇಕು. ಇಂಥಾದ್ದರ ಮ್ಯಾಲೆ ಫ್ರಿಜ್ಜಿನ ಚೀಸ್ ತುರದು ಹಾಕಿದ್ರ ಅದು ಕರಗೂದಿಲ್ಲ, ಯಾಕಂದ್ರ ಗಿರಮಿಟ್ಟು ಅಷ್ಟು ಬಿಸಿ ಇರೂದಿಲ್ಲ. ಪುಠಾಣಿ ಹಿಟ್ಟಿನ ಜೋಡಿ ಮುದ್ದಿ ಆಗಿ ಅಂಗುಳಕ್ಕ ಅಂಟಕೊಂಡು ಕೂಡತೈತಿ. ಚೀಸಿನ ಉಪ್ಪು ಬ್ಯಾರೆ. ಹುಣಸಿಹುಳಿ–ಬೆಲ್ಲದ ಆಟ ಅಲ್ಲಿಗೆ ಮುಗೀತು. ಐವತ್ತು ವರ್ಷ ಗಿರಮಿಟ್ಟು ತಿಂದ ನಾಲಿಗಿ ಜಗಳಾ ತಗದ್ರ ತಪ್ಪಿಲ್ಲ ಬಿಡು.

ಮಿರ್ಚಿ ಕಥಿ ಬ್ಯಾರೆ. ಸಂಜಿ ಆರರ ಮ್ಯಾಲೆ ದುರ್ಗದಬೈಲಿನ್ಯಾಗ ನಿಂತು ನೋಡು. ಉದ್ದನ್ನ ಹಸಿಮೆಣಸಿನಕಾಯಿ ನಡುವ ಸೀಳತಾರ, ಬೀಜಾ ತಗೀತಾರ, ಅಜಿವಾನ–ಉಪ್ಪು ಸವರತಾರ. ಚೀಸ್ ಮಿರ್ಚಿ ಆದ್ರ ಅದರೊಳಗ ಕಡ್ಡಿಯಷ್ಟು ತೆಳ್ಳಗ ಹೆಚ್ಚಿದ ಚೀಸ್ ಕೂಡಿಸಿ, ಸೀಳು ಮುಚ್ಚೂ ಹಂಗ ಒತ್ತಿ, ಕಡ್ಲಿಹಿಟ್ಟಿನ್ಯಾಗ ಅದ್ದಿ ಎಣ್ಣಿಗೆ ಬಿಡತಾರ. ಇಲ್ಲಿ ಹಿಟ್ಟು ತುಸು ಗಟ್ಟಿ ಇರಬೇಕು. ನೀರಾದ್ರ ಸೀಳಿನಿಂದ ಚೀಸ್ ಹೊರಗ ಬಂದು ಎಣ್ಣಿಯೆಲ್ಲಾ ಚಟಪಟ. ನಾ ನೋಡಿದ ಒಬ್ಬ ಗಾಡಿಯವ ತೊಟ್ಟಿನ ಬುಡಕ್ಕ ಎರಡನೇ ಸಲ ಹಿಟ್ಟು ಹಚ್ಚಿ ಬೆರಳಿನಿಂದ ತಿರುವಿ ಬಿಡತಾನ, ಒಂದೂ ಒಡಿಯೂದಿಲ್ಲ. ಕೇಳಿದ್ರ, "ಹುಡುಗೋರು ಕೇಳತಾರ್ರಿ ಅಕ್ಕಾರ, ನನಗೇನು" ಅಂದ.

ಇಲ್ಲಿ ಚೀಸ್ ಒಂದು ಕೆಲಸಾ ಮಾಡತೈತಿ. ಮೆಣಸಿನಕಾಯಿ ಖಾರ ನೀರಿನ್ಯಾಗ ಕರಗೂದಿಲ್ಲ. ಅದಕ್ಕನ ಖಾರ ಹತ್ತಿದಾಗ ಎಷ್ಟು ನೀರು ಕುಡದ್ರೂ ಉರಿ ನಿಲ್ಲೂದಿಲ್ಲ. ಹಾಲಿನ್ಯಾಗಿನ ಕೇಸಿನ್ ಅನ್ನೂ ಪ್ರೊಟೀನು ಆ ಖಾರಾ ಹಿಡಕೊಂಡು ನಾಲಿಗಿ ಬಿಡಿಸತೈತಿ. ಚೀಸಿನ ತುಂಬ ಇರೂದು ಅದನ. ಅಂದ ಮ್ಯಾಲೆ ಖಾರದ ಹೊಟ್ಟಿಯೊಳಗನ ಅದರ ಔಷಧಿ ಇಟ್ಟಂಗಾತು. ರೊಟ್ಟಿ ಊಟದ ಕಡೀಕ ಮೊಸರು ಬರೂದೂ ಇದಕ್ಕ.

ನಮ್ಮ ಮನಿಯೊಳಗ ಎಲ್ಲಾರೂ ಶಾಕಾಹಾರಿಗಳು. ಚೀಸಿನ್ಯಾಗ ಆಕಳ ಕರುವಿನ ಹೊಟ್ಟೀದು ಏನೋ ಹಾಕತಾರ ಅಂತ ಅತ್ತಿಯವರು ಯಾರ ಕಡೆಯೋ ಕೇಳ್ಯಾರ. ಅಂದಿನಿಂದ ಮಗನ ಪಿಜ್ಜಾ ಬಂದ್. ಹುಡುಗ ಅತ್ತುಕೋತ ಕುಂತಾನ. ಖರೇನ ಏನ್ರಿ ಇದು?
– ಗೃಹಿಣಿ, ಬೆಟಗೇರಿ, ಗದಗ

ನಿಮ್ಮ ಅತ್ತಿಯವರು ಕೇಳಿದ್ದು ಖರೆ ಐತಿ, ಅದನ್ನ ಮೊದಲು ಒಪ್ಪಿಕೋರಿ. ಹಾಲು ಕುಡಿಯೂ ಕರುವಿನ ನಾಕನೇ ಜಠರದೊಳಗ ಹಾಲು ಹೆಪ್ಪುಗಟ್ಟಿಸೂ ಒಂದ ಕಿಣ್ವ ಇರತೈತಿ, ಕೈಮೊಸಿನ್ ಅಂತ ಹೆಸರು. ತಾಯಿ ಹಾಲು ಹೊಟ್ಟಿಯೊಳಗ ನಿಂತು ನಿಧಾನಕ್ಕ ಜೀರ್ಣ ಆಗಲಿ ಅಂತ ಪ್ರಕೃತಿ ಕೊಟ್ಟದ್ದು. ಯುರೋಪಿನವರು ಕರು ಕೊಂದಾಗ ಆ ಜಠರದಿಂದ ಅದನ್ನ ತಗದು ಹಾಲಿಗೆ ಹಾಕಿ ಚೀಸ್ ಮಾಡಿದರು. ರೆನೆಟ್ ಅಂತಾರಲ್ಲ, ಅದು ಇದನ. ಸಾವಿರಾರು ವರ್ಷದ ಪದ್ಧತಿ, ಈಗೂ ಪೂರ್ತಿ ನಿಂತಿಲ್ಲ.

ಆದ್ರ ಇವತ್ತ ಬ್ಯಾರೆ ದಾರಿನೂ ಅದಾವ. ಒಂದು ಜಾತಿ ಬೂಸ್ಟಿನಿಂದ ಇಂಥದ ಕೆಲಸಾ ಮಾಡೂ ಕಿಣ್ವ ತಗೀತಾರ. ಇನ್ನೊಂದು, ಕೈಮೊಸಿನ್ನಿನ ಜೀನ್ ಅನ್ನ ಸೂಕ್ಷ್ಮಜೀವಿಗೆ ಸೇರಿಸಿ ದೊಡ್ಡ ದೊಡ್ಡ ಟ್ಯಾಂಕಿನ್ಯಾಗ ಹುದುಗಿಸಿ ತಗಿಯೂದು. ಅಮೆರಿಕಾದಾಗ 1990ರಾಗ ಇದಕ್ಕ ಒಪ್ಪಿಗಿ ಸಿಕ್ಕಿತು. ಎರಡರಾಗೂ ಕರುವಿನ ಹೊಟ್ಟಿ ಇಲ್ಲ. ನಮ್ಮ ದೇಶದಾಗ ಪಾಕೀಟಿನ ಮ್ಯಾಲೆ ಹಸಿರು ಚೌಕದೊಳಗ ಹಸಿರು ಚುಕ್ಕಿ ಇದ್ರ ಶಾಕಾಹಾರಿ, ಕಂದು ತ್ರಿಕೋನ ಇದ್ರ ಅಲ್ಲ. ಅಂಗಡಿಯೊಳಗ ದಿನಾ ಸಿಗೂ ದೇಶೀ ಚೀಸಿನ ಪಾಕೀಟು ತಿರುವಿ ನೋಡ್ರಿ, ಹಸಿರು ಚುಕ್ಕಿನ ಕಾಣತೈತಿ. ಅದನ್ನ ಅತ್ತಿಯವರ ಕೈಗೇ ಕೊಡ್ರಿ, ಅವರ ಚಸ್ಮಾ ಹಾಕ್ಕೊಂಡು ನೋಡಲಿ.

ಹೊರದೇಶದ ಚೀಸ್ ಆದ್ರ ಹುಷಾರು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಅನ್ನೂ ಹೆಸರು ಇಟಗೋಬೇಕಾದ್ರ ಕರುವಿನ ರೆನೆಟ್ಟೇ ಹಾಕಬೇಕು ಅಂತ ಅಲ್ಲೀ ನಿಯಮ ಐತಿ. ದೊಡ್ಡ ಹೋಟೆಲಿನ್ಯಾಗ ಪಾಸ್ತಾದ ಮ್ಯಾಲೆ ಹಳದಿ ಪುಡಿ ಉದುರಿಸಾಕ ಬಂದ್ರ "ಯಾವ ಚೀಸ್ ಇದು, ಪಾಕೀಟು ತೋರಸ್ರಿ" ಅಂತ ಕೇಳೂದ್ರಾಗ ನಾಚಿಕಿ ಏನೂ ಇಲ್ಲ. ಇನ್ನ ಮನಿ ವಿಷಯ. ಇಷ್ಟಾದ ಮ್ಯಾಲೂ ಅತ್ತಿಯವರಿಗೆ ಮನಸ್ಸು ಬರಲಿಲ್ಲಂದ್ರ ಅವರ ತಾಟಿಗೆ ಬ್ಯಾಡ. ಹುಡುಗನಿಗೆ ಮಾಡಿಕೊಡ್ರಿ.

ಎಮ್ಮಿ ಈದೈತಿ. ಗಿಣ್ಣ ಮಾಡಿದ್ವಿ. ಬೆಂಗಳೂರಿನಿಂದ ಬಂದ ಅಳಿಯ "ಇದು ನಮ್ಮ ಹಳ್ಳಿ ಚೀಸ್" ಅಂದ. ಹೌದೇನ್ರಿ?
– ರೈತರು, ರಾಣೇಬೆನ್ನೂರು ತಾಲೂಕು, ಹಾವೇರಿ ಜಿಲ್ಲೆ

ಅಳಿಯದೇವರು ಪೂರ್ತಿ ತಪ್ಪಲ್ಲ, ಪೂರ್ತಿ ಸರಿನೂ ಅಲ್ಲ. ಚೀಸಿಗೆ ಹಾಲು ಹೆಪ್ಪುಗಟ್ಟಿಸಾಕ ರೆನೆಟ್ಟು ಬೇಕು, ಪನೀರಿಗೆ ಹುಳಿ ಬೇಕು. ಗಿಣ್ಣಕ್ಕ ಎರಡೂ ಬ್ಯಾಡ, ಬರೇ ಬಿಸಿ ಸಾಕು. ಈದ ಮ್ಯಾಲೆ ಮೊದಲ ಹಿಂಡಿದ ಹಾಲಿನ್ಯಾಗ ಕರುವಿಗೆ ರೋಗನಿರೋಧಕ ಶಕ್ತಿ ಕೊಡೂ ಪ್ರೊಟೀನು ಅಗದೀ ಹೆಚ್ಚಿರತಾವ. ಅವು ಬಿಸಿ ತಾಗಿದ ಕೂಡಲೇ ಗಟ್ಟಿ ಆಗತಾವ, ಹಿಂಗಾಗಿ ಹಬೀಗೆ ಇಟ್ಟ ಪಾತ್ರಿ ಒಳಗ ಗಿಣ್ಣ ತಾನ ನಿಲ್ಲತೈತಿ. ಮೊದಲ ದಿನದ ಹಾಲು ಗಟ್ಟಿ, ಅದಕ್ಕ ಸಾದಾ ಹಾಲು ಬೆರಸಬೇಕು. ಎರಡನೇ, ಮೂರನೇ ದಿನದ್ದು ತೆಳ್ಳಗ ಆಗತಾ ಹೋಗತೈತಿ, ಬೆರಸೂದೂ ಕಮ್ಮಿ ಆಗಬೇಕು. ಈ ಲೆಕ್ಕ ನಿಮ್ಮ ಮನಿ ಹೆಣ್ಣಮಕ್ಕಳಿಗೆ ನನಗಿಂತ ಛಲೋ ಗೊತ್ತಿರತೈತಿ.

ಬೆಲ್ಲ, ಯಾಲಕ್ಕಿ, ಒಂಚೂರು ಜಾಜಿಕಾಯಿ ಹಾಕಿ ಮಾಡಿದ್ದು, ತಣ್ಣಗಾದ ಮ್ಯಾಲೆ ಕೊಯ್ದರ ಚಾಕುವಿನ ಗುರುತು ಹಂಗ ನಿಲ್ಲಬೇಕು, ತೂತು ತೂತು ಕಾಣಬಾರದು. ತೂತು ಬಿದ್ದಿದ್ರ ಉರಿ ಹೆಚ್ಚಾಗೇತಿ ಅಂತ ಅರ್ಥ. ಒಂದ ಮಾತು: ಕರುವಿಗೆ ಹುಟ್ಟಿದ ಮೊದಲ ತಾಸುಗಳೊಳಗ ಹೊಟ್ಟಿತುಂಬ ಈ ಹಾಲು ಹೋಗಲೇಬೇಕು. ಅದರ ಮೈಗೆ ಬಲ ಸಿಗೂದು ಆಗ ಮಾತ್ರ. ಅದು ಕುಡದು ಉಳದದ್ದು ಅಳಿಯಗ.

ಪನೀರ್ ಯಾಕೆ ಚೀಸ್‌ನಂತೆ ಕರಗುವುದಿಲ್ಲ? ಹಾಸ್ಟೆಲ್‌ನಲ್ಲಿ ಪನೀರ್ ಪಿಜ್ಜಾ ಮಾಡಲು ಹೋಗಿ ರಬ್ಬರ್ ತಿಂದೆವು.
– ವಿದ್ಯಾರ್ಥಿನಿ, ಹಾವೇರಿ

ಪನೀರು ಮಾಡೂವಾಗ ಹಾಲು ಕುದಿಯೂ ಮಟ್ಟಕ್ಕ ಬಂದಾಗ ಹುಳಿ ಹಿಂಡತಾರ. ಆ ಬಿಸಿಗೆ ಹಾಲಿನ ಎಲ್ಲಾ ಪ್ರೊಟೀನು ಒಂದಕ್ಕೊಂದು ಬಿಗಿದುಕೋತಾವ, ಹುಳಿಗೆ ಅವುಗಳ ನಡುವಿನ ಸುಣ್ಣದ ಅಂಶ ನೀರಿಗೆ ಬಿಟ್ಟುಹೋಗತೈತಿ. ಮತ್ತ ಕಾಸಿದ್ರ ಸಡಿಲ ಆಗೂ ಬದಲಿ ಇದ್ದ ನೀರೂ ಹೊರಗ ಹಾಕಿ ಇನ್ನಷ್ಟು ಗಟ್ಟಿ ಆಗತಾವ. ರೆನೆಟ್ಟಿನ ಚೀಸಿನ್ಯಾಗ ಆ ಸುಣ್ಣ ಉಳಕೊಂಡಿರತೈತಿ, ಬಿಸಿಗೆ ಜಾಳಿಗಿ ಸಡಿಲಾಗಿ ಹರೀತೈತಿ. ಪನೀರ್ ಕರಗೂದಿಲ್ಲ ಅನ್ನೂದ ಅದರ ಗುಣ. ಕರಗಿದ್ರ ಪಲ್ಯ ಹೆಂಗ ಮಾಡತಿದ್ದಿರಿ? ಪಿಜ್ಜಾಕ್ಕ ಮೊಝರೆಲ್ಲಾ ತಗೋರಿ, ಪನೀರು ಮ್ಯಾಲೆ ಚೂರು ಮಾಡಿ ಉದುರಸ್ರಿ.

ನಾನು ಮೈಸೂರಿನವಳು, ವರ್ಗವಾಗಿ ಧಾರವಾಡಕ್ಕೆ ಬಂದಿದ್ದೇನೆ. ಖಾನಾವಳಿಗೆ ಒಬ್ಬಳೇ ಹೋಗಲು ಸಂಕೋಚ. ಅಲ್ಲಿ ಏನು, ಹೇಗೆ ಕೇಳಬೇಕು ಅಂತಲೂ ಗೊತ್ತಿಲ್ಲ. ದಯವಿಟ್ಟು ಹೇಳಿಕೊಡಿ.
– ಸರ್ಕಾರಿ ನೌಕರಿಯಲ್ಲಿರುವ ಓದುಗರು, ಸಪ್ತಾಪುರ, ಧಾರವಾಡ

ಬರ್ರಿ ಬರ್ರಿ, ನಮ್ಮೂರಿಗೆ ಸ್ವಾಗತ. ನಾ ಹುಬ್ಬಳ್ಳಿಯೊಳಗ ಬ್ಯಾಂಕಿನ ನೌಕರಿ ಮಾಡೂವಾಗಿಂದ ಖಾನಾವಳಿಯೊಳಗ ಒಬ್ಬಾಕಿನ ಉಂಡಾಕಿ. ಆಗ ಸುತ್ತಲಿನವರು ತಿರುಗಿ ನೋಡತಿದ್ದರು. ಈಗ ಯಾರೂ ನೋಡೂದಿಲ್ಲ, ಎಲ್ಲಾರ ಕಣ್ಣೂ ತಮ್ಮ ಮೊಬೈಲಿನ್ಯಾಗ ಇರತಾವ.

ಒಂದು ಗಂಟಿ ಹೊಡಿಯೂದರೊಳಗ ಹೋಗ್ರಿ, ಆಮ್ಯಾಲೆ ಗದ್ದಲ. ಅಡಿಗಿಮನಿ ಬಾಗಿಲಾ ಕಾಣೂ ಹಂಗ ಕೂಡ್ರಿ. ಒಳಗ ರೊಟ್ಟಿ ಬಡಿಯೂ ಸಪ್ಪಳ ಕೇಳತಿದ್ರ ಅಲ್ಲಿ ಕೂಡಬಹುದು, ಕೇಳದಿದ್ರ ರೊಟ್ಟಿ ಎಲ್ಲಿಂದಲೋ ಬಂದಾವ ಅಂತ ತಿಳಕೋರಿ. ಒಳಗ ರೊಟ್ಟಿ ಮಾಡೂ ಅಕ್ಕಾರನ್ನ ಒಮ್ಮೆ ಮಾತಾಡಿಸಿದ್ರ ಸಾಕು, ಮರುದಿನದಿಂದ ನಿಮ್ಮ ತಾಟಿಗೆ ಹಂಚಿನಿಂದ ಇಳಿಸಿದ್ದ ಬರತೈತಿ. ಆಕಿಗೆ "ಅಕ್ಕಾರ" ಅನ್ರಿ, ಬಡಸೂ ಹುಡುಗಗ "ತಮ್ಮಾ" ಅನ್ರಿ. "ಎಕ್ಸ್‌ಕ್ಯೂಸ್ ಮೀ" ಅಂದ್ರ ಯಾರೂ ತಿರುಗಿ ನೋಡೂದಿಲ್ಲ.

ತಾಟಿನ ಬಲಕ್ಕ, ಎಡಕ್ಕ ಏನೇನೋ ಬಂದು ಬೀಳತಾವ, ಗಾಬರಿ ಆಗಬ್ಯಾಡ್ರಿ. ಬದನಿಕಾಯಿ ಎಣಗಾಯಿ, ಒಂದು ಕಾಳಪಲ್ಯ, ಒಂದು ಸೊಪ್ಪಿನ ಪಲ್ಯ ಅಥವಾ ಝುಣಕ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಇವು ಪುಡಿ. ಪುಡಿ ನಡುವ ಬೆರಳಿನಿಂದ ಕುಣಿ ಮಾಡಿ ಅದಕ್ಕ ಮೊಸರೋ ಎಣ್ಣಿಯೋ ಹಾಕಿ ಕಲಸಿಕೋಬೇಕು, ಒಣಾ ತಿನ್ನಬಾರದು. ಕೆಂಪಗ ಹಸಿ ಹಸಿ ಕಾಣೂದು ಕೆಂಪಿಂಡಿ. ಹಣ್ಣಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಕುಟ್ಟಿದ್ದು. ಮೈಸೂರಿನ ನಾಲಿಗಿಗೆ ಮೊದಲ ದಿನ ಬೆರಳ ತುದಿಯಷ್ಟು ಸಾಕು. ಜೊತಿಗೆ ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಕಾಲ ಇದ್ರ ಹಸಿ ಮೆಂತೆ ಸೊಪ್ಪು, ಹಕ್ಕರಕಿ. ಹಕ್ಕರಕಿನ್ನ ಹಸೀದ ರೊಟ್ಟಿಯೊಳಗ ಸುತ್ತಿ ತಿನ್ರಿ, ಬೇಯಿಸಿದ್ರ ಅದರ ಸೊಗಸು ಹೋಗತೈತಿ.

ಅನ್ನ ಬ್ಯಾಡ ಅನ್ನೂದನ್ನ ಮೊದಲ ಹೇಳಿಬಿಡ್ರಿ, ಇಲ್ಲಂದ್ರ ಎರಡನೇ ರೊಟ್ಟಿಗೇ ಅನ್ನ ತಂದು ಸುರೀತಾರ. ಕಡೀಕ ಕೆನಿಮೊಸರು ಕೇಳ್ರಿ. ಎಮ್ಮಿ ಹಾಲಿನದ್ದು, ಬಟ್ಟಲಾ ಬೋರಲು ಹಾಕಿದ್ರೂ ಬೀಳಬಾರದು. ಆ ಕೆನಿ ಪದರ ಇದ್ದ ಕಡೆ ಚಮಚಾ ಹಾಕಿದಾಗ ತುಸು ತಡದು ಆಮ್ಯಾಲೆ ಒಳಗ ಇಳೀತೈತಿ. ಪಾಕೀಟು ಒಡದು ಬಟ್ಟಲಕ್ಕ ಹಾಕಿದ ಮೊಸರಿಗೆ ಈ ಪದರ ಇರೂದಿಲ್ಲ, ಎಷ್ಟ ಗಟ್ಟಿ ಇದ್ರೂ. ಇದನ್ನ ನೋಡಿ ಖಾನಾವಳಿ ಆರಸ್ರಿ, ಫಲಕ ನೋಡಿ ಅಲ್ಲ.

ಪೇಡೆ, ಕುಂದಾ, ಖವಾ, ತುಪ್ಪ: ಹಾಲಿನಿಂದ ಇಷ್ಟೆಲ್ಲಾ ಮಾಡಿದ ನಮ್ಮ ಭಾಗದಲ್ಲಿ ಚೀಸ್ ಮಾತ್ರ ಯಾಕೆ ಹುಟ್ಟಲಿಲ್ಲ?
– ಸ್ನಾತಕೋತ್ತರ ವಿದ್ಯಾರ್ಥಿ, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ

ಇಂಥಾ ಪ್ರಶ್ನೆ ಬಂದ್ರ ನನಗ ಚಹಾ ಆರಿದ್ದೂ ಗೊತ್ತಾಗೂದಿಲ್ಲ.

ಹಾಲು ಕೆಡತೈತಿ, ಅದನ್ನ ಉಳಿಸಬೇಕು. ಎಲ್ಲಾ ದೇಶದವರ ತಲಿನೋವೂ ಇದೇ. ಥಂಡಿ ದೇಶದವರು ಹೆಪ್ಪುಗಟ್ಟಿಸಿ, ನೀರು ಹಿಂಡಿ, ಉಪ್ಪು ಸವರಿ, ನೆಲಮಾಳಿಗಿಯೊಳಗ ತಿಂಗಳಗಟ್ಟಲೆ ಇಟ್ಟರು. ಚೀಸ್ ಹಣ್ಣಾಗಾಕ ಸುಮಾರು 10ರಿಂದ 13 ಡಿಗ್ರಿ ತಂಪು ಬೇಕು, ಹವಾದಾಗ ಪಸಿ ಬೇಕು. ಪಾರ್ಮಿಜಾನೊ ಅಂತೂ ಕಮ್ಮಿ ಅಂದ್ರ 12 ತಿಂಗಳು ಕೂಡಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಲಿನ್ಯಾಗ ಗದಗಿನ ಯಾವ ಮನಿ ಕ್ವಾಣಿಯೊಳಗ ಅದನ್ನ ಇಡೂದು? ಹಣ್ಣಾಗೂ ಮೊದಲ ಹುಳಾ ಬೀಳತೈತಿ. ಹಿಂಗಾಗಿ ನಾವು ಬೆಂಕಿ ಹಿಡಿದ್ವಿ. ನೀರನ್ನ ಹಿಂಡಲಿಲ್ಲ, ಸುಟ್ಟು ಹಾರಿಸಿದ್ವಿ. ಖವಾ ಅಂದ್ರ ಅದನ. ಬೆಣ್ಣಿಯೊಳಗಿನ ನೀರು ಹಾರಿಸಿದ್ರ ತುಪ್ಪ, ವರ್ಷ ಇಟ್ಟರೂ ಕೆಡೂದಿಲ್ಲ. ದಿನದ ಬಳಕಿಗೆ ಮೊಸರು, ಮಜ್ಜಿಗಿ.

ಎರಡನೇ ಕಾರಣ ಕರು. ಗದಗಿನ ಅತ್ತಿಯವರ ಪ್ರಶ್ನಿ ಮ್ಯಾಲೆ ಐತಲ್ಲ, ಅದೇ ಮನಸ್ಸು ಈ ನಾಡಿನ ತುಂಬ ಇತ್ತು. ಮೂರನೇದು, ಹಾಲು ಒಡಸೂದು ಅಂದ್ರನ ನಮ್ಮಲ್ಲಿ ಅಪಶಕುನ. ಹೊಸಾ ಮನಿಯೊಳಗ ಹಾಲು ಉಕ್ಕಸತೀವಿ, ಒಡಸೂದಿಲ್ಲ. ಬಂಗಾಳದವರು ಹಾಲು ಒಡಸಿ ಛೇನಾ ಮಾಡಿ ರಸಗುಲ್ಲಾ ಕಟ್ಟಿದ್ದು ಪೋರ್ತುಗೀಸರ ಸಹವಾಸದಿಂದ ಅಂತ ಒಂದ ವಾದ ಐತಿ, ಅದನ್ನ ಒಪ್ಪದವರೂ ಅದಾರ. ಅಲ್ಲೇ ಹೂಗ್ಲಿ ಹತ್ತರ ಬಂಡೇಲ್ ಅನ್ನೂ ಊರಿನ ಹೆಸರಿನ ಚೀಸ್ ಐತಿ, ಸಣ್ಣ ಬಿಲ್ಲಿ, ಭಾಳ ಉಪ್ಪು, ಹೊಗಿ ಹಾಕಿದ್ದು. ಬಿಸಿಲ ಸೀಮಿಯೊಳಗ ಚೀಸ್ ಉಳಿಬೇಕಾದ್ರ ಉಪ್ಪು–ಹೊಗಿ ಬೇಕಾತು ನೋಡ್ರಿ. ಉಳದವು ಥಂಡಿ ಕಡೆಯವ: ಜಮ್ಮುವಿನ ಕಲಾಡಿ, ಹಿಮಾಲಯದ ಛುರ್ಪಿ, ಕಲಿಂಪಾಂಗಿನ ಚೀಸ್. ಛುರ್ಪಿ ಒಂದು ತುಂಡು ಬಾಯಿಗೆ ಹಾಕ್ಕೊಂಡ್ರ ತಾಸುಗಟ್ಟಲೆ ಕಡೀಬೇಕು, ಧಾರವಾಡದವರಿಗೆ ಅಷ್ಟು ಹೊತ್ತು ಮಾತಾಡದ ಇರೂದು ಸಾಧ್ಯ ಇಲ್ಲ.

ಈಗ ಪೇಡೆಗೆ ಬರೂಣು. 19ನೇ ಶತಮಾನದಾಗ ಉತ್ತರಪ್ರದೇಶದ ಉನ್ನಾವದ ಕಡೆಯಿಂದ ಬಂದ ಠಾಕೂರ ಮನೆತನದವರು ಇಲ್ಲಿ ಪೇಡೆ ಶುರು ಮಾಡಿದರು, ಪ್ಲೇಗಿಗೆ ಅಂಜಿ ಬಂದವರು ಅಂತ ಹೇಳತಾರ. ಲೈನ್ ಬಜಾರಿನ್ಯಾಗ ಪಾಳಿ ಹಚ್ಚಿ ತಗೊಂಡ ನೆನಪು ನಮ್ಮ ತಲೆಮಾರಿನವರಿಗೆಲ್ಲಾ ಐತಿ. ಈಗ ಧಾರವಾಡ ಪೇಡೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆನೂ ಐತಿ. ಬ್ಯಾರೆ ಎಷ್ಟೋ ಕಡೆ ಪೇಡೆ ಬೆಳ್ಳಗ, ಮೆತ್ತಗ ಇರತೈತಿ. ನಮ್ಮದು ಕಂದು. ಖವಾನ ಹುರಿದು ಹುರಿದು, ಹಾಲಿನ ಸಕ್ಕರಿ ಮತ್ತ ಪ್ರೊಟೀನು ಕೂಡಿ ಕೆಂಪಾಗೂ ಮಟ ಬಿಡೂದಿಲ್ಲ. ಆ ವಾಸನಿ ಇರೂದು ಅದರಿಂದ. ಮುರದು ನೋಡ್ರಿ, ಒಳಗ ಹರಳ ಹರಳಾಗಿ ಕಾಣಬೇಕು, ಮ್ಯಾಲೆ ಸಕ್ಕರಿ ಪುಡಿ ಬೆರಳಿಗೆ ಹತ್ತಬೇಕು. ಇದಕ್ಕ ಬೇಕಾದ ಕೊಬ್ಬು ಎಮ್ಮಿ ಹಾಲಿನ್ಯಾಗ ಸಿಗತೈತಿ. ಅರ್ಧಚಂದ್ರದ ಕೋಡಿನ ನಮ್ಮ ಧಾರವಾಡಿ ಎಮ್ಮಿಗೂ ಈಗ ಪ್ರತ್ಯೇಕ ತಳಿ ಅಂತ ರಾಷ್ಟ್ರಮಟ್ಟದ ಮಾನ್ಯತೆ ಐತಿ.

ಯುರೋಪಿನವರು ಹಾಲಿನ ರುಚಿ ಬೂಸ್ಟಿನ ಕೈಗೆ ಕೊಟ್ಟರು, ನಾವು ಕಡಾಯಿ ತಿರುವೂ ಕೈಗೆ ಕೊಟ್ಟಿವಿ. ನನ್ನ ಮಟ್ಟಿಗೆ ಎರಡೂ ಒಂದೇ ತೂಕದ ಕೆಲಸ. ಪೇಡೆ ಸಣ್ಣದು, ಚೀಸ್ ದೊಡ್ಡದು ಅಂತ ತಿಳಕೊಂಡ ಮಂದೀನ ಕಂಡ್ರ ನನಗ ಸಿಟ್ಟು ಬರತೈತಿ. ಚೀಸ್ ಮುಟ್ಟಬಾರದು ಅನ್ನೂ ಮಂದೀನ ಕಂಡ್ರೂ ಬರತೈತಿ.

ಅಕ್ಕಾರ, ಒಂದು ಪಿಜ್ಜಾ ಅಂಗಡಿಯೊಳಗ ಚೀಸ್ ಮಾರುದ್ದ ಎಳೀತು, ಮಕ್ಕಳು ಖುಷಿಪಟ್ಟರು. ಆದ್ರ ರುಚಿನ ಇಲ್ಲ, ತಣ್ಣಗಾದ ಮ್ಯಾಲೆ ಪ್ಲಾಸ್ಟಿಕ್, ನಾಲಿಗಿ ಮ್ಯಾಲೆ ಜಿಡ್ಡು. ಅದು ಚೀಸೇ ಏನ್ರಿ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ನೋಡದ ಹೇಳಾಕ ಬರೂದಿಲ್ಲ. ಆದ್ರ ಮಾರುಕಟ್ಟಿಯೊಳಗ "ಅನಲಾಗ್" ಅನ್ನೂದು ಒಂದು ಮಾಲು ಐತಿ. ಹಾಲಿನ ಕೊಬ್ಬಿನ ಬದಲಿ ತಾಳೆಎಣ್ಣಿಯಂಥ ಖಾದ್ಯ ತೈಲ, ಜೊತಿಗೆ ಪಿಷ್ಟ ಹಾಕಿ ಮಾಡಿದ್ದು. ಮಾರೂದು ತಪ್ಪಲ್ಲ, ಚೀಸ್ ಅಂತ ಹೇಳಿ ಮಾರೂದು ತಪ್ಪು. ಎಳಿಯೂದನ್ನ ನೋಡಿ ಮೋಸಾ ಹೋಗಬ್ಯಾಡ್ರಿ, ಅದೂ ಎಳೀತೈತಿ. ಮನಿಯೊಳಗ ಒಂದ ಹನಿ ಅಯೋಡಿನ್ ಹಾಕಿ ನೋಡಬಹುದು, ನೀಲಿ ತಿರುಗಿದ್ರ ಪಿಷ್ಟ ಐತಿ ಅಂತ ಅರ್ಥ. ಆದ್ರ ತುರಿದ ಚೀಸ್ ಅಂಟಬಾರದು ಅಂತ ಪಿಷ್ಟ ಉದುರಸೂದೂ ಉಂಟು, ಹಿಂಗಾಗಿ ಅದರಿಂದ ಪೂರ್ತಿ ತೀರ್ಪು ಕೊಡಾಕ ಆಗೂದಿಲ್ಲ.

ನನ್ನ ಅಳತಿ ಲೆಕ್ಕದ್ದು, ಬ್ಯಾಂಕಿನಾಕಿ ಅಲ್ಲೇನು. ಆಕಳ ಹಾಲಿನಿಂದ ಒಂದು ಕಿಲೋ ಗಟ್ಟಿ ಚೀಸ್ ಆಗಾಕ ಸುಮಾರು 10 ಲೀಟರ್ ಹಾಲು ಬೇಕು. ಎಮ್ಮಿ ಹಾಲಾದ್ರ, ಮೊಝರೆಲ್ಲಾ ಆದ್ರ ಅದಕ್ಕಿಂತ ಕಮ್ಮಿ. ಇವತ್ತಿನ ಹಾಲಿನ ದರದಿಂದ ಗುಣಿಸ್ರಿ. ಆ ಹಾಲಿನ ರೊಕ್ಕಕ್ಕಿಂತಾ ಎಷ್ಟೋ ಸೋವಿಯೊಳಗ "ಚೀಸ್" ಸಿಗತಿದ್ರ ಅದರೊಳಗ ಹಾಲು ಎಷ್ಟಿರಬೇಕು, ನೀವ ಹೇಳ್ರಿ. ಅಂಗಡಿಯವರಿಗೆ ಪಾಕೀಟು ತೋರಸ್ರಿ ಅನ್ರಿ. ತೋರಿಸಿದ್ರ ಮತ್ತ ಹೋಗ್ರಿ.

ಸ್ಲೈಸು, ಕ್ಯೂಬು ಬ್ಯಾರೆ ವಿಷಯ, ಅವನ್ನ ಇದರ ಜೋಡಿ ಸೇರಿಸಬ್ಯಾಡ್ರಿ. ಅವು ಸಂಸ್ಕರಿಸಿದ ಚೀಸ್. ಖರೇ ಚೀಸನ್ನ ಕಾಸಿ, ಸಿಟ್ರೇಟು–ಫಾಸ್ಫೇಟಿನ ಲವಣ ಹಾಕಿ, ಕೊಬ್ಬು ನೀರು ಬಿಟ್ಟುಹೋಗದಂಗ ಕಟ್ಟಿದ್ದು. 1911ರಾಗ ಸ್ವಿಟ್ಜರ್ಲೆಂಡಿನವರು ಇದನ್ನ ಕಂಡುಹಿಡದದ್ದ ಬಿಸಿಲ ದೇಶಗಳಿಗೆ ಕಳಿಸಾಕ ಕೆಡದ ಚೀಸ್ ಬೇಕು ಅಂತ. ಮಿರ್ಚಿಯೊಳಗ ಒಡೀದ ನಿಲ್ಲೂದೂ ಈ ಜಾತೀದ.

ಬಿಸಿ ರೊಟ್ಟಿ ಮೇಲೆ ಚೀಸ್ ಸ್ಲೈಸ್ ಹಾಕಿ ತಿಂದರೆ ಹೇಗೆ?
– ಓದುಗರು, ಲಕ್ಷ್ಮೇಶ್ವರ

ಬೆಣ್ಣಿ ತೀರಿದ್ರ ತಿನ್ರಿ.

ಮಗಳ ಡಬ್ಬಿಗೆ ಬ್ರೆಡ್ಡಿಗೆ ಹಚ್ಚುವ ಕ್ರೀಮ್ ಚೀಸ್ ದುಬಾರಿ ಆಗುತ್ತಿದೆ. ಮನೆಯಲ್ಲಿ ಏನಾದರೂ ಮಾಡಬಹುದೇ?
– ತಾಯಿ, ನವನಗರ, ಹುಬ್ಬಳ್ಳಿ

ಶ್ರೀಖಂಡಕ್ಕ ಕಟ್ಟೂ ಚಕ್ಕಾ ನಿಮ್ಮ ಮನಿಯೊಳಗ ಗೊತ್ತಿರಬೇಕಲ್ಲ. ಅದನ ಮಾಡ್ರಿ, ಸಕ್ಕರಿ ಬಿಟ್ಟು. ಎಮ್ಮಿ ಹಾಲಿನ ಮೊಸರು, ಇನ್ನೂ ಹುಳಿ ಏರಿರಬಾರದು. ತೆಳು ಬಿಳಿ ಬಟ್ಟಿಯೊಳಗ ಕಟ್ಟಿ ಕೆಳಗ ಪಾತ್ರಿ ಇಟ್ಟು ಫ್ರಿಜ್ಜಿನ್ಯಾಗನ ರಾತ್ರಿ ತೂಗಹಾಕ್ರಿ. ಹೊರಗ ಕಟ್ಟಿದ್ರ ಬ್ಯಾಸಗಿಯೊಳಗ ಮುಂಜಾನೆ ಹೊತ್ತಿಗೆ ಹುಳಿ ಆಗಿರತೈತಿ. ಗಟ್ಟಿ ಆದದ್ದಕ್ಕ ಉಪ್ಪು, ಜಜ್ಜಿದ ಬಳ್ಳೊಳ್ಳಿ ಒಂದ ಎಸಳು, ಸಣ್ಣಗ ಹೆಚ್ಚಿದ ಕೊತಂಬ್ರಿ. ಪಶ್ಚಿಮ ಏಷ್ಯಾದ ಕಡೆ ಇದನ್ನ ಲಬ್ನೆ ಅಂತ ಎಣ್ಣಿ ಸುರುವಿ ಮುಂಜಾನೆ ತಿಂಡಿಗೆ ತಿಂತಾರ. ಕೆಳಗ ಬಿದ್ದ ನೀರು ಚೆಲ್ಲಬ್ಯಾಡ್ರಿ, ಚಪಾತಿ ಹಿಟ್ಟು ನಾದಾಕ ಆಗತೈತಿ.

ದೊಡ್ಡವರಿಗೆ ಇನ್ನೊಂದು: ಈ ಚಕ್ಕಾದ ಮ್ಯಾಲೆ ಅರ್ಧ ಚಮಚಾ ಕೆಂಪಿಂಡಿ ಎಳದು, ಕಡಕ್ ರೊಟ್ಟಿ ಮುರಕೊಂಡು ಅದ್ದಿ ತಿನ್ರಿ. ಬ್ಯಾಡಗಿ ಮೆಣಸಿನಕಾಯಿ ಕೆಂಪಿಂಡಿ ಆದ್ರ ಬಣ್ಣಾ ಹೆಚ್ಚು, ಖಾರ ಹದ. ನಮ್ಮ ಮನಿಗೆ ಬಂದವರು ಇದನ್ನ ಯಾವ ಹೋಟೆಲಿನಿಂದ ತರಿಸಿರಿ ಅಂತ ಕೇಳತಾರ.

ಮಗಳು ಹೊರದೇಶದಿಂದ ಬರುವಾಗ ಒಂದು ಚೀಸ್ ತಂದಿದ್ದಾಳೆ. ಒಳಗೆಲ್ಲಾ ನೀಲಿ ಬೂಸ್ಟು, ಫ್ರಿಜ್ ತೆಗೆದರೆ ಮನೆತುಂಬ ವಾಸನೆ. ಮನೆಯವಳು "ಒಂದೋ ಅದು ಇರಬೇಕು, ಒಂದೋ ನಾನು" ಅಂತಾಳೆ. ಏನು ಮಾಡಲಿ?
– ನಿವೃತ್ತ ಪ್ರಾಧ್ಯಾಪಕರು, ಮಾಳಮಡ್ಡಿ, ಧಾರವಾಡ

ಸರ್, ಮೊದಲು ಅದನ್ನ ಪ್ಲಾಸ್ಟಿಕ್ಕಿನಿಂದ ಬಿಡಿಸಿ ಬೆಣ್ಣಿಕಾಗದದಾಗ ಸುತ್ತಿ, ಮುಚ್ಚಳ ಇದ್ದ ಡಬ್ಬಿಯೊಳಗ ಹಾಕಿ, ಕೆಳಗಿನ ಕಾಯಿಪಲ್ಯದ ಖಾನೆಯೊಳಗ ಇಡ್ರಿ. ಮನಿಯವರು ಉಳೀತಾರ, ಚೀಸೂ ಉಳೀತೈತಿ.

ಆ ನೀಲಿ ಬೂಸ್ಟು ಬೇಕಂತನ ಬಿತ್ತಿದ್ದು, ಪೆನಿಸಿಲಿಯಮ್ ರೋಕ್‌ಫೋರ್ಟಿ ಅಂತ. ಫ್ರಾನ್ಸಿನ ರೋಕ್‌ಫೋರ್ ಅನ್ನೂ ಊರಿನ ಗವಿಯೊಳಗ ಕುರಿ ಹಾಲಿನ ಚೀಸ್ ಹಣ್ಣು ಮಾಡತಾರ, ಅದರ ಹೆಸರಿನಿಂದ ಬಂದದ್ದು. ಅಸಲಿ ರೋಕ್‌ಫೋರ್ ಇದ್ರ ಅದಕ್ಕ ಪ್ರಾಣಿಜನ್ಯ ರೆನೆಟ್ ಹಾಕಿರತಾರ, ನೀವು ಶಾಕಾಹಾರಿ ಆಗಿದ್ರ ಮಗಳ ಕಡೆ ಹೆಸರು ಕೇಳಿ ನೋಡಿ ಮುಟ್ರಿ. ಮನಿಯೊಳಗ ಬಸಿರು ಹೆಣ್ಣಮಕ್ಕಳು ಇದ್ರ ಅವರಿಗೆ ಕೊಡಬ್ಯಾಡ್ರಿ. ಇಂಥಾ ಮೆತ್ತನ್ನ ನೀಲಿ ಚೀಸಿನ್ಯಾಗ ಲಿಸ್ಟೀರಿಯಾ ಅನ್ನೂ ರೋಗಾಣು ಬೆಳಿಯೂ ಭಯ ಇರತೈತಿ.

ತಿನ್ನೂ ರೀತಿ: ಒಂದು ತಾಸು ಮೊದಲ ಹೊರಗ ತಗದಿಡ್ರಿ, ಥಂಡಿ ಇದ್ದಾಗ ಬರೇ ಉಪ್ಪು ಹತ್ತತೈತಿ. ಕಡ್ಲಿಕಾಳಿನಷ್ಟು ತಗದು ಒಂದು ಚೂರು ಗೋಕಾಕದ ಕರದಂಟಿನ ಮ್ಯಾಲೆ ಇಟ್ಟು ಬಾಯಿಗೆ ಹಾಕೋರಿ. ನಗಬ್ಯಾಡ್ರಿ. ಉಪ್ಪು–ಖಾರ ಇರೂ ನೀಲಿ ಚೀಸಿಗೆ ಒಣಹಣ್ಣು, ಬೀಜಾ, ಸಿಹಿ ಜೊತಿ ಮಾಡೂದು ಅವರ ಊರಿನ ಪದ್ಧತಿನ. ನಮ್ಮ ಕರದಂಟಿನ್ಯಾಗ ಬೆಲ್ಲ, ಅಂಟು, ಕೊಬ್ರಿ, ಗೋಡಂಬಿ, ಉತ್ತತ್ತಿ ಎಲ್ಲಾ ಒಂದ ಕಡೆ ಸಿಗತಾವ. ಪೇಡೆ ಜೋಡಿ ಮಾತ್ರ ಬ್ಯಾಡ, ಎರಡೂ ಹಾಲಿನ ಘಾಟು ಒಂದಕ್ಕೊಂದು ಹೊಡೀತಾವ.

ಫ್ರಿಜ್ಜಿನ್ಯಾಗ ಇಟ್ಟ ಚೀಸಿಗೆ ಬೂಸ್ಟು ಬಂದ್ರ ಕತ್ತರಿಸಿ ಉಳದದ್ದು ತಿನ್ನಬಹುದಾ?
– ಓದುಗರು, ಬೆಟಗೇರಿ (ಮ್ಯಾಲಿನ ಗೃಹಿಣಿ ಅಲ್ಲ, ಬ್ಯಾರೆಯವರು)

ಗಟ್ಟಿ ಚೀಸಿನ ದೊಡ್ಡ ತುಂಡು ಆದ್ರ ಬೂಸ್ಟಿನ ಸುತ್ತ ಎರಡೂವರೆ ಸೆಂಟಿಮೀಟರ್ ಬಿಟ್ಟು ಆಳಕ್ಕ ಕತ್ತರಿಸಿ ತಗೀರಿ, ಚಾಕು ಬೂಸ್ಟಿಗೆ ತಾಗಬಾರದು, ಉಳದದ್ದು ತಿನ್ನಬಹುದು. ಸ್ಲೈಸು, ತುರಿದದ್ದು, ಪನೀರು, ಚಕ್ಕಾ, ಮೆತ್ತಗಿನ ಯಾವುದ ಇರಲಿ, ಮೂಲಿಯೊಳಗ ಒಂದು ಚುಕ್ಕಿ ಕಂಡ್ರೂ ಪಾಕೀಟು ಸಮೇತ ಒಗೀರಿ. ಒಗಿಯೂ ಮೊದಲ ಮೂಸಿ ನೋಡಾಕ ಹೋಗಬ್ಯಾಡ್ರಿ, ಬೂಸ್ಟಿನ ಧೂಳು ಮೂಗಿಗೆ ಛಲೋ ಅಲ್ಲ.